ಸೂಲಗಿತ್ತಿಗೆ ಕಟ್ಟಿಸಿದ ಕೋಣೆ

ಶ್ರೀ ವೀರಭದ್ರೇಶ್ವರ ಪ್ರಸನ್ನ

ಅಜ್ಜಂಪುರ,
ರಾಕ್ಷಸ ಸಂವತ್ಸರ, ಮಾರ್ಗಶಿರ ಬಹುಳ ಷಷ್ಠಿ, ಸೋಮವಾರ

ಚೌಳಹಿರಿಯೂರಿನ ಸೌಭಾಗ್ಯವತಿ ಬೀಗಿತ್ತಿ ಕಾಮಾಕ್ಷಮ್ಮನವರಿಗೆ ಅಜ್ಜಂಪುರದ ತೀರ್ಥಮ್ಮ ಮಾಡುವ ಶರಣಾರ್ಥಿ.

ನಾವು ಇಲ್ಲಿ ಕ್ಷೇಮ. ನಿಮ್ಮ ಕ್ಷೇಮ ಕೇಳುವುದು ಪದ್ಧತಿ, ಆದ್ದರಿಂದ ಕೇಳಿದ್ದೇನೆ. ಉತ್ತರ ಬರೆಸುವ ತೊಂದರೆ ತೆಗೆದುಕೊಳ್ಳಬೇಡಿ.

ಮೊದಲು ಎರಡು ಮಾತು ಕಲ್ಲೇಶಪ್ಪ ಮೇಷ್ಟರಿಗೆ. ಸ್ವಾಮೀ, ನಮ್ಮ ಬೀಗಿತ್ತಿಯವರಿಗೆ ಅಕ್ಷರ ಬಾರದು, ಅವರ ಕಾಗದ ಬರೆಯುವವರೂ ಓದಿ ಹೇಳುವವರೂ ನೀವೇ ಎಂಬುದು ನನಗೆ ಗೊತ್ತು. ನೀವು ಸಾಧುಗಳು, ಬಿರುಸು ಮಾತು ಬಂದ ಕಡೆ ಕೆಮ್ಮಿ ಮುಂದಿನ ಸಾಲಿಗೆ ಹಾರುತ್ತೀರಿ ಎಂದೂ ಕೇಳಿದ್ದೇನೆ. ಈ ಕಾಗದದಲ್ಲಿ ಹಾಗೆ ಮಾಡಬಾರದು. ನಮ್ಮಪ್ಪ ನನ್ನನ್ನು ಐಗಳ ಮಠಕ್ಕೆ ಕಳಿಸಿ ಮರಳಿನ ಮೇಲೆ ಅಕ್ಷರ ತಿದ್ದಿಸಿದ್ದು ನೀವು ನನ್ನ ಮಾತು ನುಂಗಲಿ ಎಂದಲ್ಲ. ಜಗಲಿಯ ಮೇಲೆ ನಾಲ್ಕು ಜನ ಕೂತಿದ್ದರೆ ಇನ್ನೂ ಒಳ್ಳೆಯದಾಯಿತು, ಗಟ್ಟಿಯಾಗಿ ಓದಿ.

ಕಾಮಾಕ್ಷಮ್ಮನವರೇ, ನಿಮ್ಮ ಕಾಗದ ತಲುಪಿತು. ನಿಮ್ಮ ಸೊಸೆ, ನನ್ನ ಮಗಳು ಮೀನಾಕ್ಷಿ, ತುಂಬಿದ ಬಸುರಿ, ಅದನ್ನು ಕೇಳಿದವಳು ಮಧ್ಯಾಹ್ನದ ಮುದ್ದೆ ಮುಟ್ಟಲಿಲ್ಲ. ನೀವು ಬರೆಸಿದ್ದು ಇಷ್ಟು. ನಾನು ತರೀಕೆರೆಯಿಂದ ಕರೆಸಿ ಸಂಬಳ ಕೊಟ್ಟು ಮನೆಯಲ್ಲಿ ಇಟ್ಟುಕೊಂಡಿರುವ ಸೂಲಗಿತ್ತಿ ಸರ್ವರ್ ಬೇಗಂ ಒಳಗಿನ ಕೋಣೆ ಬಿಟ್ಟು ಕೊಟ್ಟಿಗೆಗೆ ಹೋಗಬೇಕು, ಅವಳಿಗೆಂದು ಕಟ್ಟಿಸಿದ ಕೋಣೆಯನ್ನು ಕೆಡವಬೇಕು. ಇಲ್ಲದಿದ್ದರೆ ಬಾಣಂತನ ಮುಗಿದ ಮೇಲೆ ಮೀನಾಕ್ಷಿ ನಿಮ್ಮ ಹೊಸಲು ತುಳಿಯುವ ಹಾಗಿಲ್ಲ, ಅಳಿಯ ಚನ್ನಬಸಪ್ಪನಿಗೆ ಕಡೂರಿನಲ್ಲಿ ಬೇರೆ ಹೆಣ್ಣು ನೋಡಿದ್ದೀರಿ. ರಾಗಿ ಒಕ್ಕಣೆಯ ಕಾಲದಲ್ಲೂ ಹೆಣ್ಣು ನೋಡುವಷ್ಟು ಪುರುಸೊತ್ತು ಸಿಕ್ಕಿತಲ್ಲ, ಭೇಷ್.

ಇಷ್ಟೆಲ್ಲ ಸಿಟ್ಟು ಯಾಕೆ ಬಂತು ಎಂಬುದನ್ನು ಮಾತ್ರ ನೀವು ಕಾಗದದಲ್ಲಿ ಬರೆಸಲಿಲ್ಲ. ಮೇಷ್ಟರ ಮುಂದೆ ಹೇಳಲು ನಾಚಿಕೆಯಾಗಿರಬೇಕು. ನಾನು ಹೇಳುತ್ತೇನೆ, ಮೇಷ್ಟರೂ ತಿಳಿದುಕೊಳ್ಳಲಿ.

ಮೊನ್ನೆ ನೀವು ಮೀನಾಕ್ಷಿಗೆ ಬಯಕೆಯ ತಿಂಡಿ ಕಟ್ಟಿಕೊಂಡು ಬಂದಿರಿ. ತಂಬಿಟ್ಟು ಚೆನ್ನಾಗಿತ್ತು. ಒಳ್ಳೆಯದನ್ನು ಒಳ್ಳೆಯದು ಎನ್ನಲು ನನಗೆ ಜಿಪುಣತನವಿಲ್ಲ. ಸರ್ವರ್ ಬೇಗಂ ಅವತ್ತು ಮನೆಯಲ್ಲಿರಲಿಲ್ಲ, ಅಣ್ಣ ಖಾಸಿಂ ಸಾಬನ ಮಗಳ ನಿಕಾ ಎಂದು ತರೀಕೆರೆಗೆ ಹೋಗಿದ್ದಳು. ನೀವು ಗಾಡಿಯಿಂದ ಇಳಿದವರೇ ಕಾಲಿಗೆ ನೀರು ಕೂಡ ತೆಗೆದುಕೊಳ್ಳದೆ ಮನೆಯೆಲ್ಲ ಒಂದು ಸುತ್ತು ಹಾಕಿದಿರಿ. ಮೀನಾಕ್ಷಿಯ ಕೋಣೆಯ ಮಗ್ಗುಲಿಗೆ ಹೊಸ ಕೋಣೆ ಕಂಡಿತು. ತೆಂಗಿನ ತೋಟದ ಕಡೆಗೆ ಕಿಟಕಿ, ಬೂರುಗದ ಹತ್ತಿ ತುಂಬಿದ ಹಾಸಿಗೆ, ಒತ್ತಿಗೆ ಬಚ್ಚಲು, ಬಚ್ಚಲಲ್ಲಿ ತಾಮ್ರದ ಹಂಡೆ. ಇಂಥದ್ದು ಬೀಗರಿಗಲ್ಲದೆ ಇನ್ಯಾರಿಗೆ ಎಂದು ನೀವೇ ತೀರ್ಮಾನಿಸಿಬಿಟ್ಟಿರಿ. ನಾನು ನಡುಮನೆಯಲ್ಲಿ ನಿಮಗೆ ಜಮಖಾನ ಹಾಸುತ್ತಿದ್ದೆ. ಬಂದು ನೋಡಿದರೆ ನಿಮ್ಮ ಗಂಟು ಆ ಮಂಚದ ಮೇಲೆ, ನೀವು ಆ ಬಚ್ಚಲಲ್ಲಿ.

ಬೀಗಿತ್ತಿ ಮೈ ಮೇಲೆ ನೀರು ಹಾಕಿಕೊಂಡಿರುವಾಗ ಹೊರಗೆ ನಿಂತು, ಅಮ್ಮಾ, ಅದು ತುರುಕರ ಹೆಂಗಸಿನ ಬಚ್ಚಲು ಎಂದು ಕೂಗುವುದು ಯಾವ ಊರಿನ ಮರ್ಯಾದೆ? ನಾನು ಕೂಗಲಿಲ್ಲ. ಆಮೇಲೆ ನೀವು ಉಂಡು, ಎಲೆ ಅಡಿಕೆ ಹಾಕಿಕೊಂಡು, ಅದೇ ಮಂಚದ ಮೇಲೆ ಕಾಲು ನೀಡಿದಿರಿ. ಆಗಲಾದರೂ ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೇಳಬಹುದಿತ್ತು. ನನಗೆ ಮನಸ್ಸು ಬರಲಿಲ್ಲ. ಬಾಗಿಲಲ್ಲಿ ನಿಂತು ನಿಮ್ಮ ಗೊರಕೆ ಕೇಳುತ್ತಾ, ಮಲಗಲಿ ಮಲಗಲಿ, ಒಂದು ಹೊತ್ತಾದರೂ ಈಯಮ್ಮನ ಬಾಯಿ ಮುಚ್ಚಿರಲಿ ಎಂದುಕೊಂಡೆ. ಎದ್ದಾಗ ನೀವೇ ಏನು ಹೇಳಿದಿರಿ ನೆನಪಿದೆಯೇ? "ಮದ್ವೆಯಾಗಿ ಬಂದಾಗಿಂದ ಇಂಥ ನಿದ್ದೆ ಬಂದಿರ್ಲಿಲ್ಲ ಕಣ್ರೀ" ಎಂದಿರಿ. ಮೇಷ್ಟರೇ, ಇದನ್ನು ಇನ್ನೊಂದು ಸಲ ಓದಿ.

ಅಷ್ಟರಲ್ಲಿ ಸರ್ವರ್ ಬೇಗಂ ಬಂದಿದ್ದಳು. ತನ್ನ ಮಂಚದ ಮೇಲೆ ನೀವಿರುವುದನ್ನು ನೋಡಿ, "ಮಲಗ್ಲಿ ಬಿಡಿ, ದೊಡ್ಡೋರು" ಎಂದು ಜಗಲಿಯ ಮೇಲೆ ಕೂತಿದ್ದಳು. ನೀವು ಎದ್ದ ಸದ್ದು ಕೇಳಿ ಒಳಗೆ ಹೋದಳು, ದಿಂಬಿನ ಅಡಿಗೆ ಕೈ ಹಾಕಿ ತನ್ನ ಎಲೆ ಅಡಿಕೆಯ ಚೀಲ ತೆಗೆದುಕೊಂಡಳು. ಆಗ ನೋಡಿ ನಿಮ್ಮ ಕೂಗು. ರೈಲು ಸ್ಟೇಷನ್ನಿನವರೆಗೂ ಕೇಳಿಸಿತಂತೆ. ಗಾಡಿ ಕಟ್ಟಿಸಿ ಹೊರಟೇಬಿಟ್ಟಿರಿ. ಮನೆಗೆ ಹೋಗಿ ಉಟ್ಟ ಸೀರೆಯಲ್ಲೇ ಬಾವಿ ಕಟ್ಟೆಯ ಮೇಲೆ ಕೊಡಗಟ್ಟಲೆ ನೀರು ಸುರಿದುಕೊಂಡು, ಅಯ್ಯನವರನ್ನು ಕರೆಸಿ ಪಾದೋದಕ ತೆಗೆದುಕೊಂಡಿರಂತೆ. ಚಳಿಗಾಲ, ನೆಗಡಿ ಬಂದಿತೇ?

ಸೂಲಗಿತ್ತಿಗೆ ಯಾರಾದರೂ ಇಂಥ ಕೋಣೆ ಕಟ್ಟಿಸುತ್ತಾರೆಯೇ, ತಲೆ ಕೆಟ್ಟಿದೆಯೇ ಎಂದು ಕೇಳಿಸಿದ್ದೀರಿ. ಕೆಟ್ಟಿದೆ. ಯಾವತ್ತು ಕೆಟ್ಟಿತು ಎಂಬುದು ನಿಮಗೂ ಗೊತ್ತು.

ಹೋದ ಸಲ ಚೊಚ್ಚಿಲ ಬಸಿರು. ಚೊಚ್ಚಿಲು ತವರಿನ ಪಾಲು, ನಾನೇ ಕರೆತರಬೇಕಾಗಿತ್ತು. ಆದರೆ ಅಜ್ಜಂಪುರದಲ್ಲಿ ಇಲಿ ಬಿದ್ದು, ಪ್ಲೇಗಿಗೆ ಹೆದರಿ ಊರಿಗೆ ಊರೇ ಹೊಲದಲ್ಲಿ ಗುಡಿಸಲು ಹಾಕಿಕೊಂಡಿತ್ತು. ಬಸುರಿಯನ್ನು ಅಲ್ಲಿಗೆ ತರುವುದು ಹೇಗೆ? ಅದಕ್ಕೇ ತರೀಕೆರೆಗೆ ಆಳು ಓಡಿಸಿ, ದೊಡ್ಡಾಸ್ಪತ್ರೆಯಲ್ಲಿ ಕೆಲಸ ಕಲಿತು ಬಂದ ಇದೇ ಸರ್ವರ್ ಬೇಗಂ ನಿಮ್ಮ ಮನೆಗೆ ಹೋಗುವಂತೆ ಮಾಡಿದೆ. ಹೆರಿಗೆಯಾಗುವ ತನಕ ಅಲ್ಲೇ ಇರಲಿ ಎಂದು ನಿಮಗೆ ಹೇಳಿ ಕಳಿಸಿದೆ. ನೀವು ಅವಳಿಗೆ ಕೊಟ್ಟ ಜಾಗ ಯಾವುದು? ಕೊಟ್ಟಿಗೆಯಲ್ಲಿ ಎತ್ತುಗಳ ಹಿಂದೆ ಒಂದು ಗೋಣಿತಾಟು. ಮಳೆ ಹಿಡಿದಿತ್ತು, ಗಂಜಲದಲ್ಲಿ ಕಾಲು ಮುಳುಗುತ್ತಿತ್ತು. ಅವಳು, "ತಾಯೀ, ಒಣಗಿದ ಜಾಗ ಒಂದು ಕೊಡಿ, ಸಾಕು" ಎಂದರೆ ನೀವು, "ಇನ್ನೇನು, ನಡುಮನೇಲಿ ಮಂಚ ಹಾಕುಸ್ಬೇಕೇನೇ?" ಎಂದಿರಂತೆ. ಅವಳು ಬಂದ ಗಾಡಿಯಲ್ಲೇ ಹಿಂದಕ್ಕೆ ಹೋದಳು. ಮಾರನೆಯ ದಿನವೇ ಮೀನಾಕ್ಷಿಗೆ ನೋವು ಬಂತು. ನಿಮ್ಮೂರ ಮುದುಕಿ ಬಂದು ಏನೇನೋ ಮಾಡಿದಳು. ಗಂಡು ಮಗು, ಕಣ್ಣು ಬಿಡದೆ ಹೋಯಿತು. ನನ್ನ ಮಗಳು ಜ್ವರ ಹಿಡಿದು ಯುಗಾದಿಯವರೆಗೂ ಹಾಸಿಗೆ ಬಿಟ್ಟು ಏಳಲಿಲ್ಲ.

ನಾನು ಅವತ್ತು ನಿಮ್ಮನ್ನು ಏನೂ ಅನ್ನಲಿಲ್ಲ. ಮಗಳು ನಿಮ್ಮ ಮನೆಯಲ್ಲಿ ಬಾಳಬೇಕಲ್ಲ, ನಾಲಿಗೆ ಕಚ್ಚಿಕೊಂಡೆ. ಈಗ ಅನ್ನುತ್ತೇನೆ. ಒಂದು ಒಣಗಿದ ಜಾಗಕ್ಕೆ ಹಿಂದುಮುಂದು ನೋಡಿ ನೀವು ನನ್ನ ಮೊಮ್ಮಗನನ್ನು ಕಳೆದಿರಿ. ಹೆರಿಗೆ ಹೊತ್ತು ನೋಡಿ ಬರುವುದಿಲ್ಲ. ಸೂಲಗಿತ್ತಿ ಮನೆಯಲ್ಲಿರಬೇಕು, ಉಂಡು ಮಲಗಿ ನೆಮ್ಮದಿಯಾಗಿರಬೇಕು, ಕರೆದರೆ ಓಗೊಡುವಷ್ಟು ಹತ್ತಿರದಲ್ಲಿರಬೇಕು. ಇದು ತಿಳಿಯಲು ದೊಡ್ಡ ಓದು ಬೇಕಾಗಿಲ್ಲ.

ಈ ಸಲ ಮೂರು ತಿಂಗಳು ತುಂಬುತ್ತಲೇ ಮೀನಾಕ್ಷಿಯನ್ನು ಮನೆಗೆ ಕರೆತಂದು, ನಾನೇ ತರೀಕೆರೆಗೆ ಹೋದೆ. ಸರ್ವರ್ ಬೇಗಂ ಎಲೆ ಜಗಿಯುತ್ತಾ ಕೂತಿದ್ದಳು, ಏಳಲೂ ಇಲ್ಲ. ಬರುವುದಿಲ್ಲ ಎಂದಳು. ಕೊಬ್ಬರಿ ಕೊಡುತ್ತೇನೆ ಎಂದೆ, ಸೀರೆ ಎಂದೆ, ಎಲ್ಲದಕ್ಕೂ ತಲೆ ಅಲ್ಲಾಡಿಸಿದಳು. ಕೊನೆಗೆ, "ನಾನು ಮಲಗೋ ಜಾಗ ಮೊದ್ಲು ನೋಡ್ತೀನಿ, ಆಮ್ಯಾಲೆ ಮಾತು" ಎಂದು ನನ್ನ ಗಾಡಿಯಲ್ಲೇ ಬಂದು, ಗತ್ತಿನಿಂದ ನಮ್ಮ ಮನೆಯನ್ನೆಲ್ಲ ನೋಡಿದಳು. ನಾನು ಹಿತ್ತಿಲ ಪಡಸಾಲೆ ತೋರಿಸಿದೆ. "ಇಲ್ಲಿ ನಿಮ್ಮ ನಾಯಿ ಮಲಗ್ತದಾ, ನಾನಾ?" ಎಂದಳು. ನನಗೂ ಉರಿಯಿತು. ನಮ್ಮ ಮನೆಯ ಆಳುಗಳು ಮೂರು ತಲೆಯಿಂದ ಅಲ್ಲೇ ಮಲಗಿದ್ದಾರೆ, ಇವಳೇನು ಅಮಲ್ದಾರನ ಹೆಂಡತಿಯೇ ಎಂದುಕೊಂಡೆ. ಹೋಗು ಎನ್ನಲು ಬಾಯಿ ತೆರೆದೆ. ಮೀನಾಕ್ಷಿ ಬಾಗಿಲ ಹಿಂದೆ ನಿಂತು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ಬಾಯಿ ಮುಚ್ಚಿಕೊಂಡೆ.

ರಾಗಿ ಕಣಜವಿದ್ದ ಕೋಣೆ ಖಾಲಿ ಮಾಡಿಸಿ ಹೊಸದಾಗಿ ಕಟ್ಟಿಸಿದೆ. ಮೀನಾಕ್ಷಿಯ ಕೋಣೆಗೂ ಅದಕ್ಕೂ ನಡುವಿನ ಗೋಡೆ ಒಡೆಸಿ ಬಾಗಿಲು ಇಡಿಸಿದೆ. ಕಿಟಕಿ ಅವಳು ಕೇಳಿದ್ದು. ಬಚ್ಚಲು ಅವಳು ಕೇಳಿದ್ದು. ದಿನಾ ಬಿಸಿನೀರು ಸ್ನಾನ ಮಾಡದೆ, ಉಗುರು ಕತ್ತರಿಸದೆ ಬಸುರಿಯನ್ನು ಮುಟ್ಟುವುದಿಲ್ಲವಂತೆ. ಅವಳ ಅಡಿಗೆಗೆ ಬೇರೆ ಒಲೆ. ಮಾಂಸ ಮಾತ್ರ ನಮ್ಮ ಗೋಡೆಯೊಳಗೆ ಬೇಡ ಎಂದೆ. ಅದಕ್ಕೆ ಒಪ್ಪಿದಳು, ಶುಕ್ರವಾರ ಊರೊಳಗೆ ತನ್ನವರ ಮನೆಗೆ ಹೋಗಿ ಉಂಡು ಬರುತ್ತಾಳೆ. ಹಿತ್ತಿಲ ಬಾಗಿಲಿಗೆ ಒಳಗಿನಿಂದ ಚಿಲಕ ಬೇಕು ಎಂದಳು. ಬಡಗಿ ಅಜ್ಜಯ್ಯ ಉಳಿ ಕೆಳಗಿಟ್ಟು, "ಏನವ್ವಾ, ಕೆಲ್ಸದೋಳಿಗೆ ಒಳಚಿಲ್ಕನಾ? ನಾನು ಕಂಡಿಲ್ಲ, ಕೇಳಿಲ್ಲ" ಎಂದ. ಈಗ ಕಂಡೆಯಲ್ಲ, ಹೊಡಿ ಎಂದೆ. ಅವಳೂ ಗಂಡ ಸತ್ತ ಹೆಂಗಸು, ನಾನೂ ಗಂಡ ಸತ್ತ ಹೆಂಗಸು. ಚಿಲಕ ಯಾತಕ್ಕೆ ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನನ್ನ ಮೈದುನ ಈರಭದ್ರಪ್ಪ ನಿಮ್ಮ ಕಡೆಯವನೇ, ಸಂತೋಷಪಡಿ. "ಅತ್ತಿಗೆಮ್ಮ, ಊರಾಗೆ ತಲೆ ಎತ್ತಂಗಿಲ್ಲ ಕಣಮ್ಮ, ಅಯ್ನೋರು ಇನ್ಮ್ಯಾಲೆ ನಮ್ಮನೇಲಿ ಪ್ರಸಾದ ಮಾಡಲ್ಲ ಅಂತವ್ರೆ" ಎಂದು ಗೋಳಾಡಿದ. ಅಯ್ಯನವರು ಬಂದು ಹೆರಿಗೆ ಮಾಡಿಸುವುದಾದರೆ ಇವತ್ತೇ ಇವಳನ್ನು ಕಳಿಸುತ್ತೇನೆ, ಕೇಳಿಕೊಂಡು ಬಾ ಎಂದೆ. ಹೋದವನು ಮತ್ತೆ ಆ ಮಾತು ಎತ್ತಲಿಲ್ಲ.

ಇದನ್ನೆಲ್ಲ ನಾನು ಧರ್ಮಕ್ಕೆ ಮಾಡಿದೆ ಎಂದು ತಿಳಿಯಬೇಡಿ, ಹೆದರಿಕೆಗೆ ಮಾಡಿದೆ. ಅವಳನ್ನು ಕಂಡರೆ ನನಗೆ ಅಷ್ಟಕ್ಕಷ್ಟೇ. ಬೆಳಗ್ಗೆ ಬಿಸಿ ಹಾಲು ತಡವಾದರೆ ಮುಖ ಊದಿಸುತ್ತಾಳೆ. ನನ್ನ ಕೈಯ ಸಾರಿಗೆ ಉಪ್ಪು ಜಾಸ್ತಿ ಎನ್ನುತ್ತಾಳೆ, ನನಗೇ! ನಮ್ಮ ಹಳೆಯ ಬಾಣಂತಿ ಕೋಣೆ ನೋಡಿ ಇದೇನು ರಾಗಿ ತುಂಬುವ ಹಗೇವೋ ಎಂದು ಅಲ್ಲಿಗೂ ಕಿಟಕಿ ಇಡಿಸಿದಳು. ಆದರೆ ದಿನಾ ಮೀನಾಕ್ಷಿಯ ಹೊಟ್ಟೆಗೆ ಎಣ್ಣೆ ಸವರಿ, ಕೈ ಆಡಿಸಿ ನೋಡುತ್ತಾಳೆ. ಮಗು ಅಡ್ಡ ಮಲಗಿದೆ, ತಿರುಗಿಸಬೇಕು, ಹೆರಿಗೆ ಇವತ್ತೋ ನಾಳೆಯೋ ಎನ್ನುವ ಹಾಗಿದೆ ಎಂದಿದ್ದಾಳೆ.

ನಿಮ್ಮ ಕಾಗದದ ವಿಷಯ ಅವಳಿಗೆ ತಿಳಿಸಿದೆ. "ಕೊಟ್ಟಿಗೆಗೆ ಹೋಗು ಅಂದ್ರೆ ನಾನು ತರೀಕೆರೆಗೇ ಹೋಗ್ತೀನಿ" ಎಂದಳು. ಅಲ್ಲಿಗೆ ಲೆಕ್ಕ ಸರಿಹೋಯಿತು. ನಿಮ್ಮ ಮಾತು ಕೇಳಿದರೆ ಮಗಳ ಜೀವಕ್ಕೆ ಕುತ್ತು, ಕೇಳದಿದ್ದರೆ ಮಗಳ ಸಂಸಾರಕ್ಕೆ. ಮೀನಾಕ್ಷಿಯನ್ನು ಕೇಳಿದೆ. "ಅವ್ವಾ, ಅತ್ತೆಮ್ಮ ಹೇಳ್ದಂಗೆ ಮಾಡ್ಬಿಡವ್ವ, ನಾನು ನಮ್ಮನೆಗೆ ಹೋಗ್ಬೇಕು" ಎಂದು ಅತ್ತಳು. ನಮ್ಮನೆಯಂತೆ! ಇಲ್ಲಿ ನಾನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದೇನೆ, ಅವಳಿಗೆ ಚೌಳಹಿರಿಯೂರು ನಮ್ಮನೆ. ಅವಳ ಮಾತನ್ನು ನಾನು ಕೇಳುವುದಿಲ್ಲ. ಬದುಕಿ ಉಳಿದು ನನ್ನನ್ನು ಬೈದುಕೊಳ್ಳಲಿ.

ಆದ್ದರಿಂದ ತಿಳಿಸುವುದೇನೆಂದರೆ, ಕೋಣೆ ಕೆಡವುವುದಿಲ್ಲ. ಸರ್ವರ್ ಬೇಗಂ ಅದೇ ಮಂಚದ ಮೇಲೆ ಮಲಗುತ್ತಾಳೆ, ಅದೇ ಹಂಡೆಯಲ್ಲಿ ನೀರು ಕಾಯಿಸಿಕೊಳ್ಳುತ್ತಾಳೆ. ಬಾಣಂತನ ಮುಗಿದು ಅವಳೇ ಹೋಗುತ್ತೇನೆ ಎನ್ನುವವರೆಗೂ ಇರುತ್ತಾಳೆ. ಕಡೂರಿನ ಹೆಣ್ಣನ್ನು ತರುವುದಾದರೆ ತನ್ನಿ. ನನ್ನ ಮಗಳಿಗೆ ಹೊಲವಿದೆ, ತೋಟವಿದೆ, ನಾನಿದ್ದೇನೆ. ಆ ಕಡೂರಿನವರಿಗೆ ಒಂದು ಮಾತು ಮಾತ್ರ ಮೊದಲೇ ಹೇಳಿಬಿಡಿ: ನಿಮ್ಮ ಮನೆಯಲ್ಲಿ ಎತ್ತಿಗೆ ಒಣ ಹುಲ್ಲು ಹಾಸುತ್ತೀರಿ, ಸೂಲಗಿತ್ತಿಗೆ ಹಾಸುವುದಿಲ್ಲ ಎಂದು. ಹೆಣ್ಣು ಹೆತ್ತವರು, ತಿಳಿದುಕೊಂಡು ಕೊಡಲಿ.

ನಿಮ್ಮ ತಂಬಿಟ್ಟಿನ ಡಬ್ಬಿ ತೊಳೆದು ಇಟ್ಟಿದ್ದೇನೆ, ಯಾರಾದರೂ ಆ ಕಡೆ ಬಂದರೆ ಕಳಿಸುತ್ತೇನೆ. ನಿಮ್ಮ ಮನೆಯ ಸಾಮಾನು ಒಂದೂ ನನಗೆ ಬೇಡ.

ಇಂತು ನಿಮ್ಮ ಬೀಗಿತ್ತಿ, ಸದ್ಯಕ್ಕೆ,
ತೀರ್ಥಮ್ಮ

ಮತ್ತೆ ಬರೆದದ್ದು, ಬುಧವಾರ:

ಮೇಷ್ಟರೇ, ಇಲ್ಲಿಂದ ಮುಂದೆ ಜಗಲಿಯ ಮೇಲೆ ಬೇಡ. ಒಳಗೆ ಹೋಗಿ, ಅವರೊಬ್ಬರಿಗೇ ಓದಿ ಹೇಳಿ.

ಕಾಮಾಕ್ಷಮ್ಮನವರೇ, ಮೇಲಿನದನ್ನು ಬರೆದು ಟಪಾಲಿಗೆ ಹಾಕುವಷ್ಟರಲ್ಲಿ ಮೀನಾಕ್ಷಿಗೆ ನೋವು ಬಂತು. ಮಂಗಳವಾರ ಹಗಲೆಲ್ಲ ಕಷ್ಟಪಟ್ಟಳು. ಸರ್ವರ್ ಬೇಗಂ ಮಗ್ಗುಲ ಬಾಗಿಲಿಂದ ಬಂದವಳು ಅವಳನ್ನು ಬಿಟ್ಟು ಏಳಲಿಲ್ಲ, ಕೈಯಿಂದಲೇ ಮಗುವನ್ನು ತಿರುಗಿಸಿದಳು. ಇವತ್ತು ಬಿಸಿಲೇರುವ ಹೊತ್ತಿಗೆ ಹೆರಿಗೆಯಾಯಿತು. ಹೆಣ್ಣು ಮಗು. ಅಳುತ್ತದೆ, ಚೆನ್ನಾಗಿ ಅಳುತ್ತದೆ. ಮೂಗು ನಿಮ್ಮದು, ಆ ದೇವರಿಗೆ ಬೇರೆ ಮೂಗು ಸಿಗಲಿಲ್ಲ. ಮೀನಾಕ್ಷಿಗೆ ರಕ್ತ ಬಹಳ ಹೋಗಿತ್ತು, ಈಗ ನಿಂತಿದೆ, ಗಂಜಿ ಕುಡಿದು ಮಲಗಿದ್ದಾಳೆ. ಉಳಿದುಕೊಂಡಳು.

ಇನ್ನೊಂದು ಮಾತಿದೆ. ಬರೆಯಬಾರದು ಎಂದುಕೊಂಡು ಕೂತೆ, ಕೈ ಬಿಡುತ್ತಿಲ್ಲ.

ನೋವು ತಡೆಯಲಾರದೆ ಹೋದಾಗ ಎಲ್ಲ ಹೆಣ್ಣುಮಕ್ಕಳೂ ಅವ್ವಾ ಎನ್ನುತ್ತಾರೆ. ನನ್ನ ಮಗಳು "ಅತ್ತೆಮ್ಮಾ" ಎಂದಳು. ಒಂದು ಸಲವಲ್ಲ, ಮತ್ತೆ ಮತ್ತೆ. ನಾನು ಅಲ್ಲೇ, ಅವಳ ಕೈ ಹಿಡಿದುಕೊಂಡು ನಿಂತಿದ್ದೆ.

ಆಮೇಲೆ ಕೇಳಿದೆ, ನಾನಿರಲಿಲ್ಲವೇನೇ ಎಂದು. "ಹೋದ್ಸಲ ಅತ್ತೆಮ್ಮ ನನ್ ತಲೇನ ತೊಡೆ ಮ್ಯಾಲೆ ಇಟ್ಕಂಡು ಬಿಡ್ಲೇ ಇಲ್ಲ ಕಣವ್ವ. ಮಗೂನ ಮಣ್ಣಿಗೆ ಒಯ್ದಾಗ ಅವ್ರು ನನಗಿಂತ ಅತ್ರು. ನಾನೇ ಕೊಂದ್ಬಿಟ್ನಲ್ಲೇ ಮೀನಾಕ್ಷಿ, ನಿಮ್ಮವ್ವಂಗೆ ಯಾವ ಮಕ ತೋರಿಸ್ಲಿ ಅಂತಿದ್ರು" ಎಂದಳು. ನೀವು ಇದನ್ನು ನನಗೆ ಯಾವತ್ತೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಮೇಲೆ ಬರೆದದ್ದರಲ್ಲಿ ಒಂದು ಸಾಲನ್ನೂ ನಾನು ಹೊಡೆದುಹಾಕುವುದಿಲ್ಲ, ಎಲ್ಲವೂ ನಡೆದದ್ದೇ. ಆದರೆ ಇದೂ ನಡೆದದ್ದೇ ಅಂತೆ.

ಈ ಕಾಗದ ತಂದಿರುವ ಸಣ್ಣಬೀರಪ್ಪ ನಮ್ಮ ಗಾಡಿಯವನು. ನಿಮ್ಮ ಬಾಗಿಲಲ್ಲಿ ಗಾಡಿ ನಿಂತಿದೆ, ಎತ್ತು ಬಿಚ್ಚಬೇಡ ಎಂದು ಹೇಳಿ ಕಳಿಸಿದ್ದೇನೆ. ಸರ್ವರ್ ಬೇಗಂ ತನ್ನ ಕೋಣೆಯಲ್ಲೇ ಇರುತ್ತಾಳೆ. ಅದನ್ನು ತಿಳಿದುಕೊಂಡೇ ಗಾಡಿ ಹತ್ತಿ.

ನಾನು ಕರೆದೆನೆಂದು ಬರಬೇಡಿ, ನಾನು ಕರೆಯುತ್ತಿಲ್ಲ. ಅವಳು ಕರೆದಳು, ಅದಕ್ಕೆ ಬನ್ನಿ.

ತೀರ್ಥಮ್ಮ